ಹುಬ್ಬಳ್ಳಿಯ ಒಂದು ಖಾಸಗಿ ಮನೋರೋಗ ಆಸ್ಪತ್ರೆ: ಹಗಲಿಗೆ ಮೆಚ್ಚುಗೆ, ರಾತ್ರಿ ಪಾಳಿಗೆ ತಕರಾರು

ಕಳೆದ ಮಳೆಗಾಲದಲ್ಲಿ ತಮ್ಮನನ್ನು ಈ ಆಸ್ಪತ್ರೆಯ ಒಳರೋಗಿ ವಿಭಾಗಕ್ಕೆ ಸೇರಿಸಿದ್ದೆವು. ಹೆಸರು ಬರೆಯುತ್ತಿಲ್ಲ, ಮುಂದೆ ಹೇಳುವ ಲೋಪ ಇದೊಂದೇ ಆಸ್ಪತ್ರೆಯದಿರಲಾರದು ಎಂಬುದು ನನ್ನ ಅನಿಸಿಕೆ.

ಸುರಕ್ಷತೆಯ ಏರ್ಪಾಡು ನಿಜಕ್ಕೂ ಅಚ್ಚುಕಟ್ಟಾಗಿದೆ. ಬಚ್ಚಲುಮನೆಯ ಚಿಲಕವನ್ನು ಹೊರಗಿನಿಂದಲೂ ತೆಗೆಯಬಹುದು, ಫ್ಯಾನಿಗೆ ಜಾಲರಿ ಇದೆ. ಸೇರಿಸಿಕೊಳ್ಳುವಾಗಲೇ ಬೆಲ್ಟು, ಬ್ಲೇಡು, ಚಾರ್ಜರ್ ವಯರುಗಳನ್ನು ಪಟ್ಟಿ ಮಾಡಿ, ಸಹಿ ಪಡೆದು ನಮ್ಮ ಕೈಗೆ ಮರಳಿಸಿದರು. ಪೈಜಾಮದ ಲಾಡಿಯನ್ನೂ ಬಿಡಲಿಲ್ಲ. ಅದನ್ನು ಎಳೆದು ತೆಗೆದ ಸಿಸ್ಟರ್, ತಮ್ಮನ ಮುಖ ಸಣ್ಣದಾದದ್ದನ್ನು ಗಮನಿಸಿ, “ಎಲ್ಲಾರದೂ ಹಿಂಗ ತಗೀತೇವ್ರಿ ಅಣ್ಣಾರ, ನಿಮ್ಮೊಬ್ಬರದ ಅಲ್ಲ” ಎಂದರು. ಸಂಜೆಯೊಳಗೆ ಅದೇ ಪೈಜಾಮಕ್ಕೆ ಇಲಾಸ್ಟಿಕ್ ಹಾಕಿಸಿ ತಂದುಕೊಟ್ಟರು. ಮುಂದೊಂದು ಮಧ್ಯಾಹ್ನ ಅವನು ಕೆರಳಿದಾಗ ಇವರೇ ಟಿವಿ ಆರಿಸಿ, ಉಳಿದವರನ್ನು ಹೊರಗೆ ಕಳಿಸಿ, ತುಸು ದೂರ ಕುಳಿತು ಸಣ್ಣ ದನಿಯಲ್ಲಿ ಮಾತಾಡಿಸುತ್ತ ಸಮಾಧಾನಕ್ಕೆ ತಂದದ್ದನ್ನು ನಾನು ಕಣ್ಣಾರೆ ಕಂಡೆ.

ರಾತ್ರಿಯ ಮಾತೇ ಬೇರೆ. ಒಮ್ಮೆ ಅವನು ಕೂಗಾಡಿದನೆಂದು ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಮಣಿಕಟ್ಟಿನ ಕೆಂಪು ಗೆರೆ ಕಂಡು ನಾವಾಗಿ ಕೇಳುವವರೆಗೆ ಯಾರೂ ತಿಳಿಸಲಿಲ್ಲ; ಕೇಳಿದ್ದಕ್ಕೆ, “ರಾತ್ರಿ ಇಡೀ ಮಾಳಿಗಿಗೆ ಇಬ್ಬರ ಇರ್ತೇವ್ರಿ” ಎಂಬ ಉತ್ತರ ಬಂತು. ಅವರ ಕಷ್ಟ ಸುಳ್ಳಲ್ಲ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಮು, ಸಿಬ್ಬಂದಿ ಸಾಲದೆಂಬ ಕಾರಣಕ್ಕೆ ರೋಗಿಯನ್ನು ಕಟ್ಟಿಹಾಕುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ತಕ್ಷಣದ ಅಪಾಯವನ್ನು ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯೊಂದಿಗೆ ಹಾಗೆ ಮಾಡಬಹುದು. ಕಾರಣ ಮತ್ತು ಅವಧಿಯನ್ನು ಕೂಡಲೇ ಕಡತದಲ್ಲಿ ಬರೆಯಬೇಕು, ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಆ ಪ್ರತಿನಿಧಿ ನಾನೇ ಆಗಿದ್ದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ರೋಗಿಗಳು ಸತ್ತದ್ದನ್ನು ಬಲ್ಲವರಿಗೆ, ಈ ನಿಯಮವನ್ನು ಬರಿಯ ಕಾಗದದ ಕೆಲಸವೆನ್ನಲು ಬಾಯಿ ಬರುವುದಿಲ್ಲ.

ವೈದ್ಯರ ಬಗ್ಗೆಯೂ ಊಟದ ಬಗ್ಗೆಯೂ ದೂರಿಲ್ಲ. ಜೋಳದ ರೊಟ್ಟಿ ಬಿಸಿಯಾಗಿಯೇ ಬರುತ್ತಿತ್ತು. ಖಾಸಗಿ ಖರ್ಚು ಭರಿಸಲಾಗದವರಿಗೆ ಧಾರವಾಡದಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಮೊದಲು ಮಾತಾಡಿ ನೋಡಬೇಕೆನ್ನುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಇಲ್ಲಿ ಸೇರಿಸುವವರು ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆಂದು ಮೊದಲೇ ಕೇಳಿಕೊಳ್ಳಿ, ಪ್ರತಿನಿಧಿಯ ಫೋನ್ ನಂಬರನ್ನು ಕಡತದ ಮೊದಲ ಹಾಳೆಯಲ್ಲೇ ಬರೆಸಿ.