ಒಂದೇ ಥರದ ಎರಡು ಯುಎಸ್‌ಬಿ ಕನ್ವರ್ಟರ್ ಹಾಕುವ ಮುಂಚೆ ಇದನ್ನು ಓದಿ

ಹೋದ ಬೇಸಿಗೆಯಲ್ಲಿ ನಮ್ಮ ತೋಟದ ಒಂದು ಬೋರ್ ಮೋಟಾರ್ ಸುಟ್ಟುಹೋಯಿತು. ಸುಟ್ಟಿದ್ದು ನಾನೇ ಬರೆದ ಪ್ರೋಗ್ರಾಂ ದೆಸೆಯಿಂದ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡು ಇಂಥದ್ದೇ ಕೆಲಸ ಮಾಡುತ್ತಿದ್ದರೆ ಸ್ವಲ್ಪ ಕೇಳಿ.

ನಮ್ಮಲ್ಲಿ ಎರಡು ಬೋರ್. ಒಂದನೇದರಲ್ಲಿ ನೀರು ಕಮ್ಮಿ, ಅರ್ಧ ಗಂಟೆ ಓಡಿದರೆ ಖಾಲಿ. ನೀರು ಮುಗಿದ ಮೇಲೆ ಮೋಟಾರ್ ಎಳೆಯುವ ಕರೆಂಟ್ ಇಳಿಯುತ್ತದೆ. ನಮ್ಮದು 13 ಆಂಪ್ಸ್‌ನಿಂದ 7ಕ್ಕೆ. ಹಾಗೆ ಇಳಿದ ಕೂಡಲೇ ಆ ಮೋಟಾರನ್ನು ಆಫ್ ಮಾಡುವುದು ಪೈ ಕೆಲಸ. ಪ್ರತಿ ಸ್ಟಾರ್ಟರ್‌ಗೆ ಕರೆಂಟ್ ಅಳೆದು ವೈರ್ ಮೂಲಕ ತಿಳಿಸುವ ಒಂದು ಮಾಡ್‌ಬಸ್ ಮೀಟರ್, ಆ ವೈರನ್ನು ಪೈಗೆ ಜೋಡಿಸಲು ಪ್ರತಿ ಮೀಟರ್‌ಗೆ ಒಂದು ಯುಎಸ್‌ಬಿ ಆರ್‌ಎಸ್485 ಕನ್ವರ್ಟರ್. ಎರಡು ಕನ್ವರ್ಟರ್‌ನಲ್ಲೂ ಸಿಎಚ್340 ಚಿಪ್. ಅವಳಿ ಜವಳಿ.

ಪೈಯಲ್ಲಿ ಈ ಕನ್ವರ್ಟರ್‌ಗಳು ಟಿಟಿವೈಯುಎಸ್‌ಬಿ0, ಟಿಟಿವೈಯುಎಸ್‌ಬಿ1 ಎಂದು ಕಾಣಿಸುತ್ತವೆ. 0 ಅಂದ್ರೆ ಒಂದನೇ ಬೋರ್, 1 ಅಂದ್ರೆ ಎರಡನೇದು ಎಂದು ಪ್ರೋಗ್ರಾಂನಲ್ಲಿ ಬರೆದೆ. ಮನೆಯಲ್ಲಿ ಹತ್ತು ಸಲ ರೀಬೂಟ್ ಮಾಡಿದೆ, ಹತ್ತೂ ಸಲ ಸರಿ ಇತ್ತು. ಅಲ್ಲೇ ಮೋಸ ಹೋಗಿದ್ದು. ಆ 0, 1 ಕನ್ವರ್ಟರ್‌ನ ಹೆಸರೇ ಅಲ್ಲ. ಪೈಯಲ್ಲಿ ಓಡುವ ಲಿನಕ್ಸ್ ಕಣ್ಣಿಗೆ ಮೊದಲು ಬಿದ್ದಿದ್ದು 0, ಆಮೇಲೆ ಬಂದಿದ್ದು 1. ಬಸ್ಸಿನಲ್ಲಿ ಮೊದಲು ಹತ್ತಿದವರು ಕಿಟಕಿ ಸೀಟು ಹಿಡಿದ ಹಾಗೆ.

ಒಂದು ರಾತ್ರಿ ಕರೆಂಟ್ ಹೋಗಿ ಬಂತು, ಸೀಟು ಅದಲು ಬದಲಾಯಿತು. ಒಂದನೇ ಬೋರ್ ಖಾಲಿ ಆದಾಗ, ಎರಡನೇದು ಖಾಲಿ ಆಗಿದೆ ಅಂದುಕೊಂಡು ಪ್ರೋಗ್ರಾಂ ಚೆನ್ನಾಗಿ ನೀರು ಎತ್ತುತ್ತಿದ್ದ ಮೋಟಾರನ್ನು ನಿಲ್ಲಿಸಿತು. ಆಗ ಒಂದನೇದರ ಲೆಕ್ಕಕ್ಕೆ ಸೊನ್ನೆ ಆಂಪ್ಸ್ ಬರತೊಡಗಿತು. ಸೊನ್ನೆ ಬಂದರೆ ತ್ರೀ ಫೇಸ್ ಹೋಗಿದೆ, ಸುಮ್ನೆ ಕಾಯಿ ಅಂತ ಬರೆದಿದ್ದ ಬುದ್ಧಿವಂತನೂ ನಾನೇ. ಒಣ ಮೋಟಾರ್ ಬೆಳಗಿನವರೆಗೂ ಓಡಿದೆ. ಅದನ್ನು ತಣ್ಣಗಿಡುವುದೇ ಹರಿಯುವ ನೀರು, ಅಲ್ವಾ? ಪೈಪ್ ಎತ್ತಿಸಿದಾಗ ಮೆಕ್ಯಾನಿಕ್ ಮೂಸಿ ನೋಡಿ, "ವೈಂಡಿಂಗ್ ಹೋಗಿದೆ ಸಾರ್, ನೀರಿಲ್ದೆ ಓಡ್ಸಿದ್ದೀರ" ಅಂದ. ಅಪ್ಪ ಏನೂ ಅನ್ನಲಿಲ್ಲ. ಪೈ ಇದ್ದ ಡಬ್ಬಿಯನ್ನು ಒಂದು ಸಲ ನೋಡಿದರು ಅಷ್ಟೆ.

ಸರಿ ಮಾಡಲು ಹೋಗಿ ಇನ್ನೆರಡು ಗುಂಡಿಗೆ ಬಿದ್ದೆ. ಲಿನಕ್ಸ್‌ನಲ್ಲಿ ಬೈ-ಐಡಿ ಎಂಬ ಫೋಲ್ಡರ್ ಇದೆ, ಅದರಲ್ಲಿರುವ ಹೆಸರು ಬದಲಾಗಲ್ಲ ಅಂತ ಓದಿದ್ದೆ. ನೋಡಿದರೆ ಅಲ್ಲಿದ್ದಿದ್ದು ಒಂದೇ ಹೆಸರು. ಸಿಎಚ್340ಯಲ್ಲಿ ಸೀರಿಯಲ್ ನಂಬರ್ ಇಲ್ಲ. ಎರಡೂ ತಮ್ಮ ಕಂಪನಿ-ಮಾಡೆಲ್ ಕೋಡ್ 1ಎ86:7523 ಅಂತಲೇ ಹೇಳಿಕೊಳ್ಳುತ್ತವೆ, ಎರಡಕ್ಕೂ ಒಂದೇ ಹೆಸರು ಹುಟ್ಟುತ್ತದೆ, ಲಿಂಕ್ ಉಳಿಯುವುದು ಯಾವುದೋ ಒಂದಕ್ಕೆ. ಸೀರಿಯಲ್ ನಂಬರ್ ಇರುವ ಚಿಪ್ ಬೇಕು ಎಂದು ಸಿಪಿ2102 ಚಿಪ್ ಇರುವ ಎರಡು ಕನ್ವರ್ಟರ್ ತರಿಸಿದೆ. ನಂಬರ್ ಇತ್ತು ನಿಜ. ಎರಡರಲ್ಲೂ 0001! ಇದನ್ನು ಬದಲಿಸುವ ಟೂಲ್‌ಗಳಿವೆ, ಆದರೆ ಆ ಹೊತ್ತಿಗೆ ನನಗೆ ತಾಳ್ಮೆ ಇರಲಿಲ್ಲ. ದುಡ್ಡು ಕೊಡುವ ಮುಂಚೆ, ಪ್ರತಿ ಪೀಸ್‌ಗೂ ಬೇರೆ ಸೀರಿಯಲ್ ನಂಬರ್ ಇದೆಯಾ ಅಂತ ಕೇಳಿ. ಎಫ್‌ಟಿಡಿಐ ಕಂಪನಿಯ ಅಸಲಿ ಚಿಪ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ.

ಕೊನೆಗೆ ಹಿಡಿದಿದ್ದು ಬೈ-ಪಾತ್ ಎಂಬ ಇನ್ನೊಂದು ಫೋಲ್ಡರ್. ಅದರಲ್ಲಿ ಹೆಸರು ಬರುವುದು ಯಾವ ಪೋರ್ಟ್‌ಗೆ ಚುಚ್ಚಿದ್ದೀರಿ ಎಂಬುದರಿಂದ, 1.2, 1.3 ಅಂತ. ಯುಡೆವ್ ರೂಲ್ (ಲಿನಕ್ಸ್‌ನಲ್ಲಿ ಡಿವೈಸ್‌ಗೆ ನಮಗೆ ಬೇಕಾದ ಹೆಸರಿಡುವ ನಿಯಮ) ಬರೆದು ಆ ಪೋರ್ಟ್‌ಗಳಿಗೆ ಬೋರ್1, ಬೋರ್2 ಎಂದು ಹೆಸರಿಟ್ಟೆ. ಹೆಂಡತಿಯ ನೇಲ್ ಪಾಲಿಶ್ ತಂದು ಒಂದು ಪ್ಲಗ್‌ಗೂ ಅದರ ಪೋರ್ಟ್‌ಗೂ ಕೆಂಪು ಬಳಿದೆ. ಯಾಕಂದ್ರೆ ಧೂಳು ಒರೆಸಲು ಪ್ಲಗ್ ಕಿತ್ತವರು ಅದಲು ಬದಲು ಚುಚ್ಚಿದರೆ ಮತ್ತೆ ಅದೇ ಕಥೆ. ನಡುವೆ ಹಬ್ ಹಾಕಿದರೂ ಪಾತ್ ಬದಲಾಗುತ್ತದೆ.

ನಿಜವಾಗಿ ಉಳಿಸುವುದು ಇನ್ನೊಂದು ಸಣ್ಣ ಕೆಲಸ. ಎರಡೂ ಮೀಟರ್‌ನ ಮಾಡ್‌ಬಸ್ ಅಡ್ರೆಸ್ (ಪ್ರೋಗ್ರಾಂ ಮೀಟರನ್ನು ಕರೆಯುವ ನಂಬರ್) ಅಂಗಡಿಯಿಂದ ಬಂದಾಗ 1 ಇತ್ತು, ಸೋಮಾರಿತನದಿಂದ ಹಾಗೇ ಬಿಟ್ಟಿದ್ದೆ. 1ರಿಂದ 247ರವರೆಗೆ ಯಾವುದನ್ನಾದರೂ ಕೊಡಬಹುದು. ಈಗ 11 ಮತ್ತು 12. ವೈರ್ ತಪ್ಪಿದರೆ ತಪ್ಪು ರೀಡಿಂಗ್ ಬರುವುದಿಲ್ಲ, ಉತ್ತರವೇ ಬರುವುದಿಲ್ಲ. ಮೋಟಾರ್ ಆನ್ ಇದ್ದಾಗ ಮೀಟರ್ ಉತ್ತರ ಕೊಡದಿದ್ದರೂ, ಸೊನ್ನೆ ತೋರಿಸಿದರೂ ಈಗ ಪ್ರೋಗ್ರಾಂ ಕಾಯುವುದಿಲ್ಲ, ಆಫ್ ಮಾಡುತ್ತದೆ. ಅಡ್ರೆಸ್ ಮೊದಲೇ ಬದಲಿಸಿದ್ದರೆ ಒಂದೇ ಕನ್ವರ್ಟರ್‌ನಲ್ಲಿ ಎರಡೂ ಮೀಟರ್ ಓದಬಹುದಿತ್ತು ಅನ್ನುವುದು ಬೇರೆ ಮಾತು!

ಈಗ ಏನೇ ಬದಲಿಸಿದರೂ ಎರಡು ಪ್ಲಗ್‌ಗಳನ್ನು ಬೇಕಂತಲೇ ಅದಲು ಬದಲು ಮಾಡಿ ಮೋಟಾರ್ ಆನ್ ಮಾಡುತ್ತೇನೆ. ಎರಡೂ ತಾವಾಗಿಯೇ ಆಫ್ ಆದರೆ ಮಾತ್ರ ಪ್ಲಗ್ ಸರಿಯಾಗಿ ಚುಚ್ಚಿ ಪ್ಯಾನೆಲ್ ಬಾಗಿಲು ಹಾಕುತ್ತೇನೆ.