13 ಮಿ.ಮೀ. ಬೆಂಚ್ ಡ್ರಿಲ್: ನಾಲ್ಕು ವರ್ಷ ಬಳಸಿದ ಮೇಲೆ

ಪುಟ್ಟ ಹಬೆಯಂತ್ರವೊಂದರ ಸಿಲಿಂಡರ್ ಮುಚ್ಚಳಕ್ಕೆ ನಾಲ್ಕು ತೂತು ಬೇಕಿತ್ತು. ಕೈಡ್ರಿಲ್ಲಿನಲ್ಲಿ ಕೊರೆದ ಮೂರು ಮುಚ್ಚಳಗಳು ಗುಜರಿ ಸೇರಿದ ಮೇಲೆ, ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಅರ್ಧ ದಿನ ಸುತ್ತಿ ಮೇಜಿನ ಮೇಲೆ ನಿಲ್ಲಿಸಿ ಬಳಸುವ, 13 ಮಿ.ಮೀ.ವರೆಗಿನ ಬಿಟ್ ಹಿಡಿಯುವ ಈ ಕೊರೆಯುವ ಯಂತ್ರ ತಂದೆ. ಅರ್ಧ ಅಶ್ವಶಕ್ತಿಯ ಮೋಟಾರ್, ವೇಗ ಬದಲಿಸಲು ಐದು ಮೆಟ್ಟಿಲಿನ ಪುಲ್ಲಿ, 60 ಮಿ.ಮೀ. ದಪ್ಪದ ಕಂಬ. ಅಂಗಡಿಯಲ್ಲಿ ಎಲ್ಲರೂ ಮೋಟಾರಿನ ಬಲವನ್ನೇ ಹೊಗಳಿದರು. ನಿಖರತೆಗೂ ಆ ಬಲಕ್ಕೂ ಸಂಬಂಧ ಬಹಳ ಕಡಿಮೆ ಎಂಬುದು ಮನೆಗೆ ತಂದ ವಾರದಲ್ಲೇ ತಿಳಿಯಿತು.

5 ಮಿ.ಮೀ. ಬಿಟ್ ಕೊರೆದ ತೂತು 5.2 ದಾಟುತ್ತಿತ್ತು. ಅದಕ್ಕೆ ಎಂ6 ಟ್ಯಾಪ್ (6 ಮಿ.ಮೀ. ಬೋಲ್ಟಿಗೆ ತೂತಿನೊಳಗೆ ತಿರುಪು ಗೆರೆ ಕೊರೆಯುವ ಉಪಕರಣ) ಹಾಕಿದರೆ ಬೋಲ್ಟ್ ಸಡಿಲ. ಬಿಟ್ ಹಿಡಿಯುವ ಚಕ್ಕಿಗೆ ನೇರವಾದ ಉಕ್ಕಿನ ಸರಳು ಕಚ್ಚಿಸಿ, ಸಣ್ಣ ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಆನಿಸಿ, ಪುಲ್ಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿದೆ. ಮುಳ್ಳು 0.15 ಮಿ.ಮೀ. ಓಲಾಡಿತು. ಚಕ್ಕನ್ನು ಕಳಚಿ ಅದನ್ನು ತಿರುಗಿಸುವ ದಂಡವಾದ ಸ್ಪಿಂಡಲ್ಲಿನ ಟೇಪರ್ (ಚಕ್ ಕೂರುವ ಇಳಿಜಾರಿನ ತುದಿ) ಮೇಲೆಯೇ ಗೇಜ್ ಇಟ್ಟಾಗ ಬಂದದ್ದು 0.02 ಮಾತ್ರ. ಸ್ಪಿಂಡಲ್ ಚಿನ್ನದಂಥದ್ದು, ಕೆಟ್ಟದ್ದು ಚಕ್! ಯಂತ್ರದ ಬೆಲೆಯ ಐದನೇ ಒಂದು ಪಾಲು ಕೊಟ್ಟು ಒಳ್ಳೆಯ ಚಕ್ ತಂದು, ಟೇಪರಿನ ಎಣ್ಣೆಯ ಪಸೆ ಚೆನ್ನಾಗಿ ಒರೆಸಿ ಕೂರಿಸಿದೆ. ಓಲಾಟ 0.04ಕ್ಕೆ ಇಳಿಯಿತು. ಕೊಳ್ಳುವವರು ಡಯಲ್ ಗೇಜನ್ನು ಅಂಗಡಿಗೇ ಒಯ್ಯಿರಿ. ಅಳೆಯಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಇನ್ನೊಂದು ದೋಷ ಇಂದಿಗೂ ಉಳಿದಿದೆ. 10 ಮಿ.ಮೀ. ಬಿಟ್ಟನ್ನು ಒತ್ತಿದಾಗ, ಕೊರೆಯುವ ತುಂಡನ್ನು ಇಡುವ ಯಂತ್ರದ ಮೇಜಿನ ಮುಂಭಾಗ ಬಾಗುತ್ತದೆ, ತೂತು ಓರೆಯಾಗುತ್ತದೆ. ಈಗ ಮೇಜಿನ ಕೆಳಗೆ ಪುಟ್ಟ ಸ್ಕ್ರೂ ಜ್ಯಾಕ್ ಆಸರೆ ಕೊಟ್ಟು, ಮೊದಲು 3 ಮಿ.ಮೀ. ತೂತು ಕೊರೆದು ಆಮೇಲೆ ಹಿಗ್ಗಿಸುತ್ತೇನೆ. ಇಂದು ಕೊಳ್ಳುವುದಾದರೆ ಮೋಟಾರಿಗಿಂತ ಮೊದಲು ದಪ್ಪ ಕಂಬವನ್ನೇ ನೋಡುತ್ತಿದ್ದೆ.

ವೇಗದ ಲೆಕ್ಕವನ್ನೂ ಹೇಳಬೇಕು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್‌ನಿಂದ ಮೈಲ್ಡ್ ಸ್ಟೀಲ್ ಕೊರೆಯಲು 10 ಮಿ.ಮೀ.ಗೆ ನಿಮಿಷಕ್ಕೆ ಸುಮಾರು 800 ಸುತ್ತು, 3 ಮಿ.ಮೀ.ಗೆ 2,600 ಸುತ್ತು ಬೇಕು. ಅದು ಈ ಯಂತ್ರದಲ್ಲಿ ಸಿಗುತ್ತದೆ. ದೊಡ್ಡ ಬಿಟ್‌ನಿಂದ ಸ್ಟೇನ್‌ಲೆಸ್ ಸ್ಟೀಲ್ ಕೊರೆಯಲು ಮಾತ್ರ ಇದರ ಕನಿಷ್ಠ ವೇಗವಾದ 500 ಕೂಡ ಹೆಚ್ಚು. ಅಂಥ ಎರಡು ಬಿಟ್‌ಗಳು ತುದಿ ನೀಲಿಗಟ್ಟಿ ಹಾಳಾದವು. ಹಿತ್ತಾಳೆಯ ಕಾಟ ಬೇರೆ ಬಗೆಯದು. ಬಿಟ್ ಆಚೆ ಬದಿಗೆ ತೂರುವ ಕ್ಷಣದಲ್ಲಿ ತಗಡನ್ನು ಕಚ್ಚಿ ಎಳೆಯುತ್ತದೆ. ಒಮ್ಮೆ ಕೈಯಲ್ಲಿ ಹಿಡಿದ ತಗಡು ಗಿರ್ರನೆ ತಿರುಗಿ ಹೆಬ್ಬೆರಳು ಸೀಳಿತು. ಅಂದಿನಿಂದ ತುಂಡನ್ನು ಬಿಗಿದು ಹಿಡಿಯುವ ವೈಸ್ ಇಲ್ಲದೆ ಏನನ್ನೂ ಕೊರೆದಿಲ್ಲ. ಹಿತ್ತಾಳೆ ಕೊರೆಯುವ ಬಿಟ್‌ಗಳು ಕಚ್ಚದಂತೆ ಅವುಗಳ ಅಂಚನ್ನು ಸಾಣೆಕಲ್ಲಿನಿಂದ ತುಸು ಮೊಂಡು ಮಾಡಿ ಬೇರೆಯೇ ಇಟ್ಟಿದ್ದೇನೆ.

ಬೆಲ್ಟ್ ಒಂದು ಸಲ ಬದಲಾಗಿದೆ, ಬೇರಿಂಗ್ ಇನ್ನೂ ಸದ್ದು ಮಾಡಿಲ್ಲ. ಕಳೆದ ತಿಂಗಳು 7.8 ಕೊರೆದು 8 ಮಿ.ಮೀ. ರೀಮರ್ (ತೂತನ್ನು ನಿಖರ ಅಳತೆಗೆ ನಯಗೊಳಿಸುವ ಉಪಕರಣ) ಹಾಕಿದ ತೂತಿಗೆ ಎಣ್ಣೆ ಸವರಿದ ಪಿನ್ ಹೆಬ್ಬೆರಳ ಒತ್ತಿಗೆ ಮೆಲ್ಲಗೆ ಇಳಿಯಿತು. ಹಿಂದಕ್ಕೆ ಎಳೆದಾಗ ‘ಟುಪ್’ ಎಂದಿತು.