ಹಳೆಯ ಕಾಲದ ಅಡುಗೆಮನೆ, ಚಿಕ್ಕ ಖರ್ಚು: ಮಲೆನಾಡಿನ ಮಳೆಗೆ ತಾಳಿದ್ದು ಯಾವುದು, ತಾಳದ್ದು ಯಾವುದು

ತೀರ್ಥಹಳ್ಳಿ ಸೀಮೆಯ ನಮ್ಮ ಹೆಂಚಿನ ಮನೆಯ ಅಡುಗೆಮನೆಗೆ ಹಳೆಯ ಕಾಲದ ರೂಪ ಕೊಡಬೇಕೆಂದು ಹೊರಟಾಗ, ಒಟ್ಟು ಖರ್ಚು 40,000 ರೂಪಾಯಿ ದಾಟಬಾರದು ಎಂದು ಮನೆಯವರೆಲ್ಲ ಮೊದಲೇ ಮಾತಾಡಿಕೊಂಡಿದ್ದೆವು. ಪೇಟೆಯಲ್ಲಿ ರೆಟ್ರೊ ಎಂಬ ಹೆಸರಿನಲ್ಲಿ ಸಿಗುವ ಹೆಚ್ಚಿನ ಸಾಮಾನು 1950ರ ದಶಕದ ಅಮೆರಿಕದ ಅಡುಗೆಮನೆಯ ನಕಲು: ಕಪ್ಪು ಬಿಳಿ ಚೌಕದ ನೆಲ, ಪುದೀನ ಹಸಿರಿನ ಫ್ರಿಜ್ಜು, ಹೊಳೆಯುವ ಕ್ರೋಮಿಯಂ ಕಾಲಿನ ಕುರ್ಚಿ. ನಮಗೆ ಬೇಕಾಗಿದ್ದದ್ದು 1970ರ ದಶಕದ ಮಲೆನಾಡಿನ ಅಡುಗೆಮನೆ. ಅಂದರೆ ಕೆಂಪು ನೆಲ, ತಿಳಿಹಸಿರು ಗೋಡೆ, ಜಾಲರಿ ಬೀರು, ಸಾಲಾಗಿಟ್ಟ ಉಪ್ಪಿನಕಾಯಿ ಜಾಡಿಗಳು. ಒಂದೊಂದು ಕೆಲಸಕ್ಕೂ ಎರಡು ಮೂರು ದಾರಿಗಳಿದ್ದುದರಿಂದ ಅವುಗಳನ್ನು ಅಡುಗೆಮನೆಯಲ್ಲೂ ಪಕ್ಕದ ಉಗ್ರಾಣದಲ್ಲೂ ಬೇರೆ ಬೇರೆ ಕಡೆ ಮಾಡಿಸಿ, ಇಡೀ ಮಳೆಗಾಲ ಹಾಗೆಯೇ ಬಿಟ್ಟು ನೋಡಿದೆವು. ಬೇಸಿಗೆಯಲ್ಲಿ ಎಲ್ಲವೂ ಚೆಂದವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ನಿಲ್ಲುವುದೇ ಇಲ್ಲಿ ನಿಜವಾದ ಪರೀಕ್ಷೆ.

ನೆಲದ ವಿಷಯದಲ್ಲಿ ವ್ಯತ್ಯಾಸ ಎಲ್ಲಕ್ಕಿಂತ ಹೆಚ್ಚು ಕಂಡಿತು. ಉಗ್ರಾಣಕ್ಕೆ ಚದುರಂಗದ ಚೌಕಗಳಿರುವ ವಿನೈಲ್ ಹಾಸು ಹಾಕಿಸಿದೆವು. ಬೆಲೆ ಕಡಿಮೆ, ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ, ನೋಡಲೂ ಅಂದವಾಗಿದೆ. ಆದರೆ ನಮ್ಮ ಕಡೆಯ ಹಳೆಯ ಮನೆಗಳ ನೆಲದಡಿಯಿಂದ ಮಳೆಗಾಲವಿಡೀ ತೇವ ಮೇಲೇರುತ್ತಿರುತ್ತದೆ. ಆ ತೇವಕ್ಕೆ ಹಾಸಿನ ಕೆಳಗಿನಿಂದ ಹೊರಬೀಳಲು ದಾರಿಯೇ ಇಲ್ಲ. ಶ್ರಾವಣ ಬರುವಷ್ಟರಲ್ಲಿ ಅಂಚುಗಳು ಎದ್ದು, ಎತ್ತಿ ನೋಡಿದರೆ ಅಡಿಯಲ್ಲಿ ಕಪ್ಪು ಬೂಷ್ಟು ಹರಡಿ, ಉಗ್ರಾಣಕ್ಕೆಲ್ಲ ಮುಗ್ಗುಲು ವಾಸನೆ ಹಿಡಿದಿತ್ತು. ಶಿವಮೊಗ್ಗ ಪೇಟೆಯ ಮಹಡಿ ಮನೆಯಲ್ಲಿ ಇರುವವರಿಗೆ, ಅದರಲ್ಲೂ ಬಾಡಿಗೆಗೆ ಇರುವವರಿಗೆ, ಇದೇ ಹಾಸು ಒಳ್ಳೆಯ ಆಯ್ಕೆಯಾಗಬಹುದು. ನೆಲಕ್ಕೆ ತಾಗಿದ ಮನೆಗೆ ನಾನು ಹೇಳಲಾರೆ.

ಊಟದ ಕೋಣೆಯ ಬಾಗಿಲ ಮುಂದೆ ಒಂದು ಪಟ್ಟಿಯಷ್ಟು ಜಾಗಕ್ಕೆ ಆತಂಗುಡಿ ಟೈಲ್ಸ್ ಹಾಕಿಸಿದೆವು. ತಮಿಳುನಾಡಿನ ಚೆಟ್ಟಿನಾಡು ಸೀಮೆಯ ಈ ಟೈಲ್ಸನ್ನು ಸುಡುವುದಿಲ್ಲ. ಗಾಜಿನ ಫಲಕದ ಮೇಲೆ ಬಣ್ಣದ ಸಿಮೆಂಟನ್ನು ಅಚ್ಚಿನೊಳಗೆ ಹುಯ್ದು ಮಾಡುತ್ತಾರೆ, ಗಾಜಿನ ನುಣುಪೇ ಅದರ ಮೈಗೆ ಬರುತ್ತದೆ. ಮಳೆಗಾಲದಲ್ಲಿ ಅದಕ್ಕೆ ಏನೂ ಆಗಲಿಲ್ಲ. ಟೈಲ್ಸಿನ ಬೆಲೆಯೂ ಕೈಗೆಟುಕುವಂತೆಯೇ ಇದೆ, ಆದರೆ ಅಷ್ಟು ದೂರದಿಂದ ತರಿಸುವ ಲಾರಿ ಬಾಡಿಗೆ, ದಾರಿಯಲ್ಲಿ ಒಡೆಯುವುದು, ಕೂರಿಸುವ ಕೂಲಿ ಇವೆಲ್ಲ ಸೇರಿದರೆ ಪೂರ್ತಿ ಅಡುಗೆಮನೆಗೆ ನಮ್ಮ ಇಡೀ ಹಣ ಅದಕ್ಕೇ ಸರಿಹೋಗುತ್ತಿತ್ತು.

ಉಳಿದ ನೆಲಕ್ಕೆಲ್ಲ ರೆಡ್ ಆಕ್ಸೈಡ್ ಮಾಡಿಸಿದೆವು. ಇದರಲ್ಲಿ ಸಾಮಾನಿನ ಖರ್ಚು ಕಡಿಮೆ, ಕೈಕೆಲಸವೇ ಹೆಚ್ಚು. ಹಳೆಯ ನೆಲಕ್ಕೆ ಕಚ್ಚು ಹೊಡೆದು, ಚೆನ್ನಾಗಿ ನೀರುಣಿಸಿ, ಅದರ ಮೇಲೆ ಗಾರೆ ಹಾಸಿ, ಆ ಗಾರೆ ಇನ್ನೂ ಹಸಿಯಾಗಿರುವಾಗಲೇ ಸಿಮೆಂಟು ಮತ್ತು ಕೆಂಪು ಆಕ್ಸೈಡ್ ಪುಡಿ ಕಲಸಿದ ತೆಳು ಪದರವನ್ನು ಎಳೆದು, ಉಕ್ಕಿನ ಕರಣೆಯಿಂದ ತಿಕ್ಕುತ್ತಾ ಹೋಗಬೇಕು. ಮೊದಲು ಮಂಕಾಗಿ ಇಟ್ಟಿಗೆಯ ಬಣ್ಣದಲ್ಲಿರುವ ಮೈ, ಕರಣೆ ಮತ್ತೆ ಮತ್ತೆ ಆಡಿದಂತೆ ಗಾಢವಾಗಿ, ಕಿಟಕಿಯ ಬೆಳಕು ಅದರಲ್ಲಿ ಕಾಣುವಷ್ಟು ನಯವಾಗುತ್ತದೆ. “ಒಂದೇ ದಿನಕ್ಕೆ ಎಳೆದು ಮುಗಿಸ್ಬೇಕು ಅಮ್ಮಾ, ಅರ್ಧ ನಾಳೆಗೆ ಇಟ್ರೆ ಗೆರೆ ಕಾಣ್ತದೆ” ಎಂದು ಗಾರೆ ಕೆಲಸದ ಹಿರಿಯರು ಹೇಳಿದರು, ಹಾಗೆಯೇ ಮುಗಿಸಿಯೂ ಕೊಟ್ಟರು. ನೆಲ ಬಿರಿಯದಿರಲು ನಡುನಡುವೆ ಗಾಜಿನ ಪಟ್ಟಿ ಕೂರಿಸಿದರು. ಆಮೇಲೆ ವಾರದಷ್ಟು ನೀರು ಕಟ್ಟಿ ನಿಲ್ಲಿಸಿ, ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆವು. ಒಂದು ಮಳೆಗಾಲ ಕಳೆದರೂ ಬಿರುಕಿಲ್ಲ, ವಾಸನೆಯಿಲ್ಲ. ಎರಡು ಕೊರತೆಗಳನ್ನು ಮಾತ್ರ ತಿಳಿದಿರಬೇಕು. ತೇವದ ದಿನಗಳಲ್ಲಿ ನೆಲ ಬೆವತು ಜಾರುತ್ತದೆ, ಆದ್ದರಿಂದ ಪಾತ್ರೆ ತೊಳೆಯುವ ಜಾಗದಲ್ಲಿ ತರಿಯಾಗಿಯೇ ಬಿಡಿಸುವುದು ಒಳ್ಳೆಯದು. ಇನ್ನೊಂದು, ಹುಣಸೆಹುಳಿ, ನಿಂಬೆರಸ, ಅಪ್ಪೆಮಿಡಿಯ ರಸ ಚೆಲ್ಲಿದ ಕೂಡಲೇ ಒರೆಸದಿದ್ದರೆ ಹುಳಿ ಸಿಮೆಂಟನ್ನು ತಿಂದು ಬಿಳಿ ಕಲೆ ನಿಲ್ಲುತ್ತದೆ. ಈ ಮಾತು ಆತಂಗುಡಿ ಟೈಲ್ಸಿಗೂ ಅನ್ವಯಿಸುತ್ತದೆ.

ಗೋಡೆಗೆ ಬಂದರೆ, ನಮ್ಮದು ಜಂಬಿಟ್ಟಿಗೆಯ ಗೋಡೆ. ಒಂದು ಬದಿಗೆ ಅಂಗಡಿಯಿಂದ ತಂದ ತಿಳಿಹಸಿರು ಎಮಲ್ಷನ್ ಪೇಂಟು, ಎದುರು ಬದಿಗೆ ಸುಣ್ಣ. ಪೇಂಟು ಬಳಿದ ದಿನ ಗೋಡೆ ರೇಷ್ಮೆಯಂತಿತ್ತು ಎಂಬುದನ್ನು ಒಪ್ಪಬೇಕು, ಮತ್ತು ಒದ್ದೆ ಬಟ್ಟೆಯಲ್ಲಿ ಒರೆಸಬಹುದೆಂಬ ಅನುಕೂಲ ಸಣ್ಣದಲ್ಲ. ಆದರೆ ಜಂಬಿಟ್ಟಿಗೆ ಕುಡಿದ ನೀರು ಪೇಂಟಿನ ಪೊರೆಯ ಹಿಂದೆ ಸಿಕ್ಕಿಕೊಂಡು, ಆಷಾಢದ ಮಳೆಯಲ್ಲಿ ನೆಲದಿಂದ ಎರಡು ಅಡಿಯ ತನಕ ಗುಳ್ಳೆ ಎದ್ದು ಸಿಪ್ಪೆಸಿಪ್ಪೆಯಾಗಿ ಉದುರಿತು. ಸುಣ್ಣದ ಗುಣವೇ ಬೇರೆ. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಅದರ ಕ್ಷಾರಕ್ಕೆ ಬೂಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಬಣ್ಣಕ್ಕೆ ಹಸಿರು ಆಕ್ಸೈಡ್ ಪುಡಿಯನ್ನೇ ಬೆರೆಸಬೇಕು. ಸುಣ್ಣ ಬೇರೆ ಹಲವು ಬಣ್ಣಗಳನ್ನು ಕೊಂದುಹಾಕುತ್ತದೆ. ಗೋಡೆಯನ್ನು ಒದ್ದೆ ಮಾಡಿಕೊಂಡು, ಬಟ್ಟೆಯಲ್ಲಿ ಸೋಸಿದ ಸುಣ್ಣದ ನೀರಿಗೆ ಸ್ವಲ್ಪ ಅಂಟು ಸೇರಿಸಿ, ತೆಳುವಾಗಿ ಮೂರು ಸಲ ಬಳಿದೆವು. ಬಳಿಯುವವರು ಕಣ್ಣನ್ನು ಜೋಪಾನ ಮಾಡಿಕೊಳ್ಳಲೇಬೇಕು. ಒರಗಿದವರ ಬಟ್ಟೆಗೆ ಮೆತ್ತುವುದು ಅದರ ದೋಷ, ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕಾಗುವುದು ಅದರ ದುಡಿಮೆ. ಮಳೆ ಹಿಂದಾದ ಮೇಲೆ ದೀಪಾವಳಿಗೆ ಮುಂಚೆ ಸುಣ್ಣ ಬಳಿಯುವ ಹಿಂದಿನವರ ವಾಡಿಕೆ ಎಷ್ಟು ಸರಿಯಾದುದೆಂದು ನನಗೆ ಈಗ ಚೆನ್ನಾಗಿ ಅರ್ಥವಾಗಿದೆ.

ಒಲೆಯ ಹಿಂದಿನ ಗೋಡೆಗೆ ಸುಣ್ಣ ಆಗದು, ಒಗ್ಗರಣೆಯ ಎಣ್ಣೆ ಹಾರಿ ಹಳದಿಯಾಗುತ್ತದೆ. ಅಲ್ಲಿ ಅರ್ಧಕ್ಕೆ ಹಳೆಯ ಟೈಲ್ಸಿನ ಚಿತ್ರವಿರುವ ಅಂಟುಹಾಳೆ ಹಚ್ಚಿದೆವು, ಇನ್ನರ್ಧಕ್ಕೆ ಟೈಲ್ಸ್ ಅಂಗಡಿಯ ಹಿಂಬದಿಯಲ್ಲಿ ಉಳಿಕೆಯಾಗಿ ಬಿದ್ದಿದ್ದ ಸಣ್ಣ ಬಿಳಿ ಟೈಲ್ಸ್ ಕೂರಿಸಿದೆವು. ಹಾಳೆ ಕುಕ್ಕರಿನ ಹಬೆಗೆ ಮೂಲೆ ಬಿಟ್ಟು, ಬಿಟ್ಟಲ್ಲಿ ಜಿಡ್ಡು ಸೇರಿತು. ಬೆಂಕಿಯ ಹತ್ತಿರ ಅಂಥದ್ದು ಇರುವುದೇ ಕ್ಷೇಮವಲ್ಲವೆಂದು ಕಿತ್ತೆವು. ಉಳಿಕೆ ಟೈಲ್ಸು ಅಗ್ಗವಾಗಿ ಸಿಕ್ಕಿತು. ಒಂದೇ ಬಿಳುಪಿನವು ಎಲ್ಲವೂ ಸಿಗಲಿಲ್ಲ, ಆ ಸಣ್ಣ ವ್ಯತ್ಯಾಸವೇ ಅದಕ್ಕೆ ಹಳೆಯ ಮನೆಯ ಕಳೆ ಕೊಟ್ಟಿದೆ.

ಸಾಮಾನು ಇಡಲು ಹಳೆಯ ವಿನ್ಯಾಸದ ಲ್ಯಾಮಿನೇಟ್ ಹೊದಿಸಿದ ಅಗ್ಗದ ಪ್ಲೈವುಡ್ ಕಪಾಟು ಒಂದು, ಗುಜರಿಯಿಂದ ತಂದ ಹಲಸಿನ ಮರದ ಜಾಲರಿ ಬೀರು ಇನ್ನೊಂದು. ಬೆಲೆಯಲ್ಲಿ ಬೀರು ಕಪಾಟಿನ ಅರ್ಧಕ್ಕಿಂತ ಕಡಿಮೆ. ಮುಚ್ಚಿದ ಕಪಾಟಿನೊಳಗೆ ಗಾಳಿಯಾಡದೆ ಹಪ್ಪಳ ಮೆತ್ತಗಾದವು, ಬಾಗಿಲು ಉಬ್ಬಿ ಬಿಗಿಯಾಯಿತು. ಬೀರಿಗೆ ಉಪ್ಪುಕಾಗದ ತಿಕ್ಕಿ, ಕಿತ್ತುಹೋಗಿದ್ದ ಜಾಲರಿ ಬದಲಿಸಿ, ಕಾಲುಗಳಿಗೆ ಮಾತ್ರ ಒರಲೆ (ಗೆದ್ದಲು) ಹಿಡಿಯದಂತೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಹಚ್ಚಿದೆವು. ಗೇರೆಣ್ಣೆ ಚರ್ಮವನ್ನು ಸುಡುತ್ತದೆ. ಕೈಗವಸು ಹಾಕಿಕೊಂಡು ಅಂಗಳದಲ್ಲೇ ಹಚ್ಚಿ, ಪೂರ್ತಿ ಒಣಗಿದ ಮೇಲಷ್ಟೇ ಒಳಗೆ ತರಬೇಕು, ತಿನ್ನುವ ಪದಾರ್ಥ ತಾಗುವಲ್ಲಿ ಹಚ್ಚಲೇಬಾರದು. ನಾಲ್ಕು ಕಾಲುಗಳ ಅಡಿಗೆ ನೀರು ತುಂಬಿದ ಬಟ್ಟಲು ಇಟ್ಟಿರುವುದರಿಂದ ಇರುವೆಯ ಕಾಟವೂ ಇಲ್ಲ, ಬಟ್ಟಲಿನ ನೀರನ್ನು ಮಾತ್ರ ಆಗಾಗ ಬದಲಿಸುತ್ತಿರಬೇಕು. ಇಡೀ ಅಡುಗೆಮನೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ವಸ್ತು ಈ ಬೀರು.

ಪಾತ್ರೆಗಳ ವಿಷಯ ಬೇಗ ಹೇಳಿ ಮುಗಿಸಬಹುದು. ಹಿತ್ತಾಳೆ ನೋಡಲು ಸೊಗಸು, ಆದರೆ ಮಳೆಗಾಲದಲ್ಲಿ ಬೇಗ ಮಂಕಾಗುತ್ತದೆ, ಅದರಲ್ಲಿ ಹುಳಿ ಬೇಯಿಸಬೇಕಾದರೆ ಒಳಗೆ ತವರದ ಕಲಾಯಿ ಇರಲೇಬೇಕು, ಕಲಾಯಿ ಹಾಕುವವರು ಈಗ ವಿರಳ. ಕಂದು ಬಿಳಿ ಬಣ್ಣದ ಪಿಂಗಾಣಿ ಜಾಡಿಗಳು ಅಗ್ಗ, ಹುಳಿಗೂ ಉಪ್ಪಿಗೂ ಜಗ್ಗುವುದಿಲ್ಲ, ವರ್ಷವಿಡೀ ಮಿಡಿ ಉಪ್ಪಿನಕಾಯಿ ತುಂಬಿಕೊಂಡು ಕಪಾಟಿನ ಅಂದವನ್ನೂ ಹೆಚ್ಚಿಸುತ್ತವೆ. ಹಣ ಕಡಿಮೆಯಿದ್ದರೆ ಜಾಡಿಯೇ ಮೊದಲು.

ಕಟ್ಟೆಯ ಅಡಿಗೆ ಬಾಗಿಲು ಮಾಡಿಸುವ ಬದಲು ಪರದೆ ಕಟ್ಟಿದೆವು. ಹೂವಿನ ಚಿತ್ರದ ಪಾಲಿಯೆಸ್ಟರ್ ಬಟ್ಟೆ ಬೇಗ ಒಣಗುತ್ತದೆ, ಬಣ್ಣ ಬಿಡುವುದಿಲ್ಲ. ಆದರೆ ಕೆಂಪು ನೆಲದ ಮೇಲೆ ಅದರ ಹೊಳಪು ಸರಿಹೊಂದಲಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಹೆಣ್ಣುಮಕ್ಕಳ ಚರಕ ಸಂಸ್ಥೆಯವರು ನೇಯುವ ಕೈಮಗ್ಗದ ಬಟ್ಟೆಗೆ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನ ಕಂದುಗೆಂಪು ಬಣ್ಣವೂ ಇರುತ್ತದೆ. ಅದು ಗಜಕ್ಕೆ ಹೆಚ್ಚು ಬೆಲೆಯದಾದರೂ ಬೇಕಾದದ್ದು ಕೆಲವೇ ಗಜ, ಮತ್ತು ಅದೇ ಅಡಿಕೆಯ ಊರಿನ ಅಡುಗೆಮನೆಗೆ ಅದಕ್ಕಿಂತ ಒಪ್ಪುವ ಬಣ್ಣ ನನಗೆ ಕಾಣಲಿಲ್ಲ. ಇದನ್ನು ನೆರಳಿನಲ್ಲಿ ಒಣಗಿಸಬೇಕು.

ಬೆಳಕಿಗಾಗಿ ದುಬಾರಿ ತೂಗುದೀಪ ನೋಡಿಬಂದು ಕೊನೆಗೆ ಮಾಡಿಸಿದ್ದು ಮಂಗಳೂರು ಹೆಂಚಿನ ನಡುವೆ ಎರಡು ಗಾಜಿನ ಹೆಂಚು. ಹಗಲಿಡೀ ದೀಪದ ಅಗತ್ಯವಿಲ್ಲ. ಸಂಜೆಗೆ ಹಳದಿ ಬೆಳಕಿನ ಎಲ್ಇಡಿ ಬಲ್ಬೊಂದು ಸಾಕಾಯಿತು. ಹಳೆಯ ಮನೆಗಳಿಂದ ಬಿಚ್ಚಿದ ಕಪ್ಪು ಗುಂಡು ಸ್ವಿಚ್ಚುಗಳು ಗುಜರಿಯಲ್ಲಿ ಸಿಗುತ್ತವೆ, ಅವುಗಳ ಟಕ್ಕೆಂಬ ಸದ್ದು ನನಗೂ ಇಷ್ಟ. ಆದರೆ ಒದ್ದೆ ಕೈಯಲ್ಲಿ ಮುಟ್ಟುವ ಜಾಗದಲ್ಲಿ ಸವೆದ ಹಳೆಯ ಸ್ವಿಚ್ಚಿಗಿಂತ ಅದೇ ಆಕಾರದಲ್ಲಿ ಹೊಸದಾಗಿ ತಯಾರಾದ ಸ್ವಿಚ್ಚು, ಹೊಸ ವೈರು ಮತ್ತು ಸರಿಯಾದ ಅರ್ಥಿಂಗ್ ಇರಲಿ ಎಂದು ಎಲೆಕ್ಟ್ರಿಷಿಯನ್ ಹೇಳಿದಂತೆಯೇ ಮಾಡಿಸಿದೆವು. ಅದೊಂದರಲ್ಲಿ ಮಾತ್ರ ಹಳೆಯದರ ಬದಲು ಹೊಸದಕ್ಕೆ ಹೆಚ್ಚು ಹಣ ಕೊಟ್ಟೆವು.